ಮೂರು ಸಾಕ್ಷಿಯ ರಸ್ತೆ

ಅವರು ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ಅಂಗೈ ಮೇಲೆ ಮಲಗಿಸಿ, ಸ್ಪೀಕರ್ ಹಾಕಿ, ಗಲ್ಲದಿಂದ ಒಂದು ಗೇಣು ಕೆಳಗೆ ಹಿಡಿದು, ಮಂಗಳಾರತಿ ತಟ್ಟೆ ಹಿಡಿದವರ ಹಾಗೆ ಗೇಟಿನ ಬಳಿ ನಿಲ್ಲುತ್ತಿದ್ದರು. ಆ ಕಡೆಯಿಂದ ಯಾವುದೋ ದೂರದ ಊರಿನ ಪಂಕ್ಚರ್ ಅಂಗಡಿಯವನು ಅಲ್ಲಿನ ರಸ್ತೆಯ ಸಮಾಚಾರ ಹೇಳುತ್ತಿದ್ದ. ಬಾಣಸವಾಡಿಯ ನಮ್ಮ ಅಡ್ಡರಸ್ತೆಯ ಅಷ್ಟೂ ಮನೆಗಳಿಗೆ ಅದು ಕೇಳಿಸುತ್ತಿತ್ತು.

“ಗುಂಡಿ ಇದೆಯಾ?”

“ಐತೆ ಸಾ.”

“ಎಷ್ಟು ಆಳ?”

“ಬಿದ್ರೆ ಗೊತ್ತಾಯ್ತದೆ ಸಾ.”

ಅವರು ನಗುತ್ತಿರಲಿಲ್ಲ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು, ಗೇಟಿನ ಕಂಬದ ಮೇಲೆ ಗೆರೆ ಹಾಕಿದ ಉದ್ದನೆಯ ಪುಸ್ತಕ. ಅದರಲ್ಲಿ ಬರೆದುಕೊಂಡರು: ‘ಆಳ: ಬಿದ್ದ ನಂತರ ತಿಳಿಯತಕ್ಕದ್ದು.’

ಹೋದ ದೀಪಾವಳಿ ಕಳೆದು ಒಂದು ವಾರಕ್ಕೆ ಅವರು ತೀರಿಕೊಂಡರು. ಕ್ಯಾರವಾನ್, ಅಂದರೆ ಗಾಡಿಗೆ ಕಟ್ಟಿ ಎಳೆಯುವ ಮನೆ, ಇಟ್ಟುಕೊಂಡವರ ಒಂದು ವಾಟ್ಸಾಪ್ ಬಳಗವಿದೆ. ಹನ್ನೊಂದು ಜನ, ಮೂರು ಕ್ಯಾರವಾನ್. ಅಲ್ಲಿ ಒಬ್ಬರು ‘ನಮಗೆಲ್ಲ ದಾರಿ ತೋರಿದ ಹಿರಿಯರು’ ಎಂದು ಬರೆದರು. ಇನ್ನೊಬ್ಬರು ದೀಪದ ಚಿತ್ರ ಹಾಕಿದರು. ಅವರು ತೋರಿಸಿದ ದಾರಿಯಲ್ಲಿ ಒಬ್ಬರೂ ಒಂದು ಕಿಲೋಮೀಟರ್ ಹೋದವರಲ್ಲ. ಎದುರು ಮನೆಯವನು, ಅವರ ಜೊತೆ ಹೆಚ್ಚು ಓಡಾಡಿದವನು ಎಂದು ನನಗೂ ನಾಲ್ಕು ಸಾಲು ಬರೆಯಲು ಹೇಳಿದರು. ಬರೆಯಲಿಲ್ಲ. ಸತ್ತವರ ಬಗ್ಗೆ ಬರೆಯಲು ಕೂತರೆ ನೆನಪು ತಾನಾಗಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಬರುತ್ತದೆ. ನನಗೆ ಬೇಕಾದದ್ದು ಸುಕ್ಕು. ಆ ಮನುಷ್ಯ ಬದುಕಿದ್ದಾಗ ನಾನು ಇಷ್ಟಪಟ್ಟಿರಲಿಲ್ಲ. ಸತ್ತರು ಅನ್ನುವುದು ಇಷ್ಟಪಡಲು ಕಾರಣವಾಗುವುದಿಲ್ಲ.

ಅವರು ಒಂದು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಮೂವತ್ತು ವರ್ಷ ಕೂತವರು. ಕೂತವರು ಎಂದೇ ಹೇಳಬೇಕು, ಏಕೆಂದರೆ ಅವರ ಕೆಲಸವೇ ಕಡತದ ಮೇಲೆ ಕೂರುವುದಾಗಿತ್ತು. ಒಂದು ಲಾರಿ ಉರುಳಿದ ಕಡತವನ್ನು ಅವರು ತಿರಸ್ಕರಿಸಿದ ಕತೆ ನಾನು ಏಳೆಂಟು ಸಲ ಕೇಳಿದ್ದೇನೆ. ಹೇಳಿಕೆಯಲ್ಲಿ ಲಾರಿ ಎಡಕ್ಕೆ ಉರುಳಿತು ಎಂದಿತ್ತಂತೆ, ನಕ್ಷೆಯಲ್ಲಿ ಬಲಕ್ಕೆ ಮಲಗಿತ್ತಂತೆ. “ಎರಡು ಕಡೆ ಉರುಳೋಕೆ ಅದೇನು ದೋಸೇನಾ?” ಎಂದು ಕೇಳಿದರಂತೆ. ಇಷ್ಟು ಹೇಳಿ ನಮ್ಮ ಮುಖ ನೋಡುತ್ತಿದ್ದರು. ಲಾರಿಯವನ ಗತಿ ಏನಾಯಿತು ಎಂದು ನಾನು ಒಮ್ಮೆ ಕೇಳಿದೆ. “ಅದು ನಮ್ಮ ವಿಭಾಗಕ್ಕೆ ಬರಲ್ಲ” ಎಂದರು.

ಕ್ಯಾರವಾನ್ ಅವರದು. ಹೊರಮಾವಿನ ಹಿಂದೆ ಒಂದು ಶೆಡ್ಡಿನಲ್ಲಿ ಅಳತೆ ಕೊಟ್ಟು ಮಾಡಿಸಿದ್ದರು. ಹದಿನಾಲ್ಕು ಅಡಿ ಉದ್ದದ ಬಿಳಿ ಡಬ್ಬಿ. ಎರಡು ಮಂಚ, ಒಂದು ಒಲೆ, ಒಂದು ಶೌಚಾಲಯ, ಅಡಿಯಲ್ಲಿ ಎರಡೇ ಚಕ್ರ. ಅದಕ್ಕೆ ತನ್ನದೇ ಎಂಜಿನ್ ಇಲ್ಲ, ಯಾರಾದರೂ ಎಳೆಯಬೇಕು. ಹಿಂದೆ ಕೊಂಡಿ ಹಾಕಿಸಿದ ಜೀಪು ನನ್ನ ಹತ್ತಿರ ಇತ್ತು. ಕೆ.ಆರ್. ಪುರಂ, ಹೊಸಕೋಟೆ ಕಡೆಯ ಸಣ್ಣ ಕಾರ್ಖಾನೆಗಳಿಗೆ ಬೇರಿಂಗ್ ತಲುಪಿಸುವುದು ನನ್ನ ಕೆಲಸ. ಹೀಗಾಗಿ ಡಬ್ಬಿ ಅವರದು, ಎಳೆತ ನನ್ನದು. ನಮ್ಮ ಸಂಬಂಧಕ್ಕೆ ಬೇರೆ ಹೆಸರು ನಾನು ಹುಡುಕಿಲ್ಲ.

ಅವರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಡಬ್ಬಿ ನಿಂತಿರುತ್ತಿತ್ತು. ಅದನ್ನು ರಕ್ತಪರೀಕ್ಷೆಯ ಗಾಡಿ ಎಂದುಕೊಂಡು ಎರಡು ಸಲ ಜನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಸಾಲು ನಿಂತಿದ್ದರು. ಹೊರಟು ಹೋಗಿ ಎಂದು ಹೇಳುವ ಬದಲು ಇವರು “ಯಾರು ಬರೆದುಕೊಟ್ಟಿದ್ದು? ಚೀಟಿ ತೋರಿಸಿ” ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು.

ಡಬ್ಬಿ ಮಾಡಿಸಿದ್ದು ಹೆಂಡತಿಗಾಗಿ. ಈ ಒಂದು ಮಾತನ್ನು ಅವರ ಪರವಾಗಿ ಹೇಳುವವರಿದ್ದಾರೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿಗೆ ಒಂದು ಶಸ್ತ್ರಚಿಕಿತ್ಸೆ ಆದಮೇಲೆ ಗಂಟೆಗೊಮ್ಮೆ ಶೌಚಾಲಯ ಬೇಕಾಗುತ್ತಿತ್ತು. ಹೆದ್ದಾರಿಯ ಶೌಚಾಲಯಗಳನ್ನು ಕಂಡ ಹೆಂಗಸರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಅಕ್ಕ ಬಾಗಲಕೋಟೆ ಕಡೆಯವರು. ಅವರು ಹುಟ್ಟಿದ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆ ಕೊನೆಯಲ್ಲಿ, ನೀರು ಪೂರ್ತಿ ಇಳಿದ ವರ್ಷಗಳಲ್ಲಿ, ಹಳೆಯ ಶಾಲೆಯ ಕಲ್ಲಿನ ಕಟ್ಟೆ ಎರಡು ಮೂರು ವಾರ ಮೇಲೆ ಕಾಣುತ್ತದೆ. ಆ ಕಟ್ಟೆಯ ಮೇಲೆ ಅಕ್ಕ ಮತ್ತು ಅವರ ತಂಗಿ ಮೊಳೆಯಿಂದ ಹುಲಿಮನೆ ಆಟದ ಗೆರೆ ಕೊರೆದಿದ್ದರಂತೆ. ತಂಗಿ ಈಗಿಲ್ಲ. ಅಕ್ಕನಿಗೆ ಒಮ್ಮೆ ಹೋಗಿ ಆ ಕಟ್ಟೆಯ ಮೇಲೆ ಕೂರಬೇಕಿತ್ತು. ಇಷ್ಟೇ. ಕಾಶಿಯಲ್ಲ, ಕೈಲಾಸವಲ್ಲ.

ಮದುವೆಯಾಗಿ ನಲವತ್ತು ವರ್ಷ ಬಾಣಸವಾಡಿಯಲ್ಲಿದ್ದು ಅಕ್ಕನ ಮಾತು ಅರ್ಧ ಬೆಂಗಳೂರಿನದಾಗಿತ್ತು. ಸಿಟ್ಟು ಬಂದಾಗ ಮಾತ್ರ ಪೂರ್ತಿ ಊರಿನದು. “ಈ ಡಬ್ಬ್ಯಾಗ ಉಪ್ಪಿನಕಾಯಿ ಹಾಕಿಡೂದು ಬಿಟ್ರ ಬ್ಯಾರೆ ಏನೂ ಆಗಂಗಿಲ್ಲ ನೋಡು ತಮ್ಮಾ” ಎಂದು ನನಗೆ ಹೇಳುತ್ತಿದ್ದರು, ಗಂಡನಿಗೆ ಕೇಳುವ ಹಾಗೆ.

ಆಗುವುದಾದರೂ ಹೇಗೆ? ಅವರಿಗೆ ಒಂದು ರಸ್ತೆ ರಸ್ತೆಯಾಗಬೇಕಾದರೆ ಮೂರು ಸಾಕ್ಷಿ ಬೇಕಿತ್ತು. ಪೆಟ್ರೋಲ್ ಬಂಕಿನವನು, ಪಂಕ್ಚರ್ ಅಂಗಡಿಯವನು, ಊರಿನ ಶಾಲೆಯ ಹೆಡ್‌ಮಾಸ್ತರು. “ಬಂಕಿನವನಿಗೆ ರಸ್ತೆ ಚೆನ್ನಾಗಿದ್ರೆ ಲಾಭ, ಪಂಕ್ಚರ್‌ನವನಿಗೆ ಕೆಟ್ಟಿದ್ರೆ ಲಾಭ. ಮೇಷ್ಟ್ರಿಗೆ ಎರಡೂ ಇಲ್ಲ ಕಣ್ರೀ” ಎನ್ನುತ್ತಿದ್ದರು. ಇದು ಬುದ್ಧಿವಂತಿಕೆಯ ಮಾತು ಎಂದು ನನಗೂ ಮೊದಲ ಸಲ ಅನ್ನಿಸಿತ್ತು. ಐವತ್ತನೇ ಸಲ ಕೇಳಿದಾಗ ಅನ್ನಿಸಲಿಲ್ಲ.

ಒಬ್ಬೊಬ್ಬ ಸಾಕ್ಷಿಗೆ ಹನ್ನೆರಡು ಪ್ರಶ್ನೆ. ಕೊನೆಯ ಮಳೆ ಯಾವಾಗ ಬಂತು? ಸೇತುವೆ ಎಷ್ಟು ಅಗಲ? ವಿದ್ಯುತ್ ತಂತಿ ಎಲ್ಲಿ ಜೋತುಬಿದ್ದಿದೆ? ತಪ್ಪಿ ಹೋದರೆ ಡಬ್ಬಿ ಸಮೇತ ತಿರುಗಿಸಲು ಜಾಗ ಎಲ್ಲಿದೆ? ಬಸ್ಸು ಹೋಗುತ್ತದೆಯೇ? ಹೋದರೆ, ಹೋಗುವಾಗ ಡ್ರೈವರ್ ಬೈದುಕೊಳ್ಳುತ್ತಾನೆಯೇ? ಮೂರು ಸಾಕ್ಷಿಗಳ ಉತ್ತರದಲ್ಲಿ ಒಂದು ಗುಂಡಿಯ ವ್ಯತ್ಯಾಸ ಬಂದರೂ ರಸ್ತೆ ಬಾಕಿ. ಬಾಕಿ ಎಂದರೆ ಹದಿನೈದು ದಿನ ಬಿಟ್ಟು ಮತ್ತೆ ಮೊದಲಿಂದ. ಅಷ್ಟರಲ್ಲಿ ಎಲ್ಲೋ ಮಳೆ ಬರುತ್ತಿತ್ತು, ಎಲ್ಲೋ ಪೈಪು ಹಾಕಲು ಅಗೆಯುತ್ತಿದ್ದರು, ಇಲ್ಲವೇ ಹೆಡ್‌ಮಾಸ್ತರಿಗೆ ವರ್ಗವಾಗುತ್ತಿತ್ತು. ಒಂದು ರಸ್ತೆಯನ್ನು ಅವರು ತಿರಸ್ಕರಿಸಿದ್ದು ಸಾಕ್ಷಿ ಮಾತಾಡುವಾಗ ಕೆಮ್ಮಿದ ಎಂದು. “ಧೂಳು ಜಾಸ್ತಿ ಇದೆ ಅಲ್ಲಿ.”

ಮೊದಲ ಐದು ವರ್ಷದಲ್ಲಿ ಡಬ್ಬಿ ಊರು ಬಿಟ್ಟದ್ದು ನಾಲ್ಕು ಸಲ. ನಾಲ್ಕೂ ಸಲ ಕೆ.ಆರ್. ಪುರಂ ತೂಗುಸೇತುವೆ ದಾಟಿ ಹೊಸಕೋಟೆ. ಅಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ನಾನು ಇಡ್ಲಿ ತಿಂದು, ಅವರು ಟೈರುಗಳನ್ನು ಮುಟ್ಟಿ ನೋಡಿ, ವಾಪಸು. ಅದಕ್ಕೆ ‘ಪರೀಕ್ಷಾ ಪ್ರಯಾಣ’ ಎಂದು ಹೆಸರು. ಅಕ್ಕ ಮೊದಲ ಸಲ ಬಂದರು. ಆಮೇಲೆ ಬರಲಿಲ್ಲ.

ಶಿವಾಜಿನಗರದಲ್ಲಿ ಡಬ್ಬಿಯ ಬ್ರೇಕ್ ದೀಪ ಸರಿಮಾಡುವ ಒಬ್ಬ ಭಾಯ್ ಇದ್ದರು. ವರ್ಷಕ್ಕೆರಡು ಸಲ ಕರೆಸುತ್ತಿದ್ದರು. ಒಂದು ಸಲ ಆತ ಕೆಳಗೆ ನುಸುಳಿ ನೋಡಿ, ಎದ್ದು, ಕೈ ಒರೆಸಿಕೊಳ್ಳುತ್ತ ಹೇಳಿದರು: “ಸಾಬ್, ಗಾಡೀಗೆ ಏನೂ ಆಗಿಲ್ಲ. ನಿಂತು ನಿಂತು ಕಾಯಿಲೆ ಬಂದಿದೆ. ಶುಗರ್ ಪೇಷಂಟ್ ಇದ್ದಂಗೆ. ಸ್ವಲ್ಪ ವಾಕಿಂಗ್ ಮಾಡಿಸಿ.”

“ರಸ್ತೆ ಕ್ಲಿಯರ್ ಆಗಬೇಕಲ್ರೀ.”

“ರಸ್ತೆ ಕ್ಲಿಯರ್ ಆಗೋದು ಕಬರಸ್ತಾನಕ್ಕೆ ಹೋಗುವಾಗ ಸಾಬ್. ಎಲ್ರೂ ದಾರಿ ಬಿಡ್ತಾರೆ.”

ನಾನು ನಕ್ಕೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಪ್ರತಿಯೊಂದಕ್ಕೂ ಅವರಲ್ಲಿ ಒಂದು ಗೆರೆ ಇತ್ತು, ನಮ್ಮ ನಗುವಿಗೂ ಇದ್ದಿರಬೇಕು.

ಮೂರು ವರ್ಷದ ಹಿಂದಿನ ಮೇ ತಿಂಗಳು. ಆ ವರ್ಷ ನೀರು ಚೆನ್ನಾಗಿ ಇಳಿದಿದೆ, ಕಟ್ಟೆ ಕಾಣುತ್ತಿದೆ ಎಂದು ಅಕ್ಕನ ಸಂಬಂಧಿಕರಲ್ಲಿ ಯಾರೋ ತಿಳಿಸಿದರು. ಅಕ್ಕ ಬಟ್ಟೆ, ಔಷಧಿ, ಅವಲಕ್ಕಿ ಡಬ್ಬಿಗೆ ತುಂಬಿಸಿಟ್ಟರು. ಮಳೆಗಾಲಕ್ಕೆ ಮೂರು ವಾರ ಉಳಿದಿತ್ತು. ಅವರು ಫೋನು ಹಿಡಿದು ಗೇಟಿಗೆ ಬಂದರು. ಬಂಕಿನವನು ಆಯಿತು. ಪಂಕ್ಚರ್ ಅಂಗಡಿಯವನು ಆಯಿತು. ಇಬ್ಬರಿಗೂ ಡಾಂಬರು ರಸ್ತೆಯವರೆಗೆ ಮಾತ್ರ ಗೊತ್ತು. ಅಲ್ಲಿಂದ ಮುಂದೆ ಕೊನೆಯ ಮೂರು ಕಿಲೋಮೀಟರ್ ಎರೆಮಣ್ಣಿನ ಬಂಡಿದಾರಿ. ಒಣಗಿದರೆ ಸಿಮೆಂಟು, ನೆನೆದರೆ ಅಂಟು. ಅದನ್ನು ಹೇಳಬೇಕಾದವರು ಮೂರನೆಯವರು. ಮುಳುಗಡೆಯ ಜನರನ್ನು ಎತ್ತರಕ್ಕೆ ತಂದು ಕೂರಿಸಿದ ಹೊಸ ಊರಿದೆಯಲ್ಲ, ಅಲ್ಲಿನ ಹೆಡ್‌ಮಾಸ್ತರು. ಬೇಸಿಗೆ ರಜೆ, ಅವರು ಸಿಗಲಿಲ್ಲ. ನಾಲ್ಕು ದಿನ ಹೋಯಿತು.

“ನಾ ಮಾತಾಡ್ತೇನ್ರಿ. ನಮ್ಮ ಊರವ್ರು. ನನಗ ಗೊತ್ತಾಗ್ತದ” ಎಂದರು ಅಕ್ಕ.

“ಕ್ಲೇಮು ಹಾಕಿದವರೇ ಸಾಕ್ಷಿ ಹೇಳೋ ಹಾಗಿಲ್ಲ ಕಣೇ.”

“ನಾ ಏನ್ ಕ್ಲೇಮು ಹಾಕೇನಿ?”

“ಹೋಗಬೇಕು ಅನ್ನೋದು ನಿನಗೆ. ರಸ್ತೆ ಚೆನ್ನಾಗಿದೆ ಅಂತಾನೇ ಹೇಳ್ತೀಯ. ಸಂಬಂಧಪಟ್ಟವರ ಮಾತು ನಡೆಯಲ್ಲ.”

ಇದನ್ನು ಅವರು ಜಗಳವಾಡುತ್ತ ಹೇಳಲಿಲ್ಲ. ಸಮಾಧಾನದಿಂದ, ಎದುರಿನ ಕುರ್ಚಿಯಲ್ಲಿ ಕೂತ ಯಾವ ವಿಧವೆಗೆ ಬೇಕಾದರೂ ಹೇಳಬಹುದಾದ ದನಿಯಲ್ಲಿ ಹೇಳಿದರು. ಅಕ್ಕ ಒಳಗೆ ಹೋದರು. ಒಳಗಿನಿಂದ ಪಾತ್ರೆಯ ಸದ್ದು ಬರುತ್ತದೆ ಎಂದು ಕಾದೆ. ಬರಲಿಲ್ಲ.

ಐದನೆಯ ದಿನ ಹೆಡ್‌ಮಾಸ್ತರು ಸಿಕ್ಕಿದರು. ಅಂಗೈ ಮೇಲೆ ಫೋನು, ಗೇಟಿನ ಬಳಿ ನಾನೂ ಇದ್ದೆ. ಅವರ ಹನ್ನೆರಡು ಪ್ರಶ್ನೆ ಆ ದಿನ ಎಲ್ಲಿ ಹೋದವೋ. ಒಂದನ್ನೇ ಕೇಳಿದರು.

“ನಾವು ಹಳೇ ಶಾಲೆ ಕಟ್ಟೆ ನೋಡೋಕೆ ಬೆಂಗಳೂರಿಂದ ಗಾಡಿ ತಗೊಂಡು ಬರಬೇಕು ಅಂತಿದ್ದೀವಿ. ಬರಬಹುದಾ?”

“ಬರ್ರಿ ಬರ್ರಿ ಸರ. ಯಾಕ್ ಬರಬಾರದು? ಊಟ ನಮ್ಮ ಮನ್ಯಾಗ.”

‘ಬರಬಹುದು’ ಎಂದು ಪುಸ್ತಕದಲ್ಲಿ ಬರೆದು ಮುಚ್ಚಿದರು. ಅಷ್ಟು ಬೇಗ ಆ ಪುಸ್ತಕ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಮಾರನೆಯ ಬೆಳಗ್ಗೆ ಹೊರಟೆವು.

ದಾರಿಯ ಬಗ್ಗೆ ಹೇಳುವುದೇನೂ ಇಲ್ಲ. ದಾರಿ ಚೆನ್ನಾಗಿತ್ತು, ಅದೇ ಅವರಿಗೆ ಸಹಿಸಲಾಗದ್ದು. ಜೀಪಿನಲ್ಲಿ ನನ್ನ ಪಕ್ಕ ಕೂತು ಪ್ರತಿ ಸೇತುವೆಯನ್ನೂ ಪುಸ್ತಕದ ಜೊತೆ ತಾಳೆ ನೋಡುತ್ತ ಬಂದರು. ಗಂಟೆಗೊಮ್ಮೆ ನಿಲ್ಲಿಸುತ್ತಿದ್ದೆ, ಅಕ್ಕ ಇಳಿದು ಡಬ್ಬಿಗೆ ಹೋಗಿ ಬರುತ್ತಿದ್ದರು. ಒಂದು ಸಲ ಮುಖ ತೊಳೆದು ಹೂ ಮುಡಿದು ಬಂದರು. ಆ ಡಬ್ಬಿಗೆ ಒಂದು ಅರ್ಥ ಬಂದದ್ದು ಆ ಒಂದು ದಿನ. ಸಂಜೆ ಒಂದು ಪಟ್ಟಣದಲ್ಲಿ ಉಳಿದು, ಮರುದಿನ ಬೆಳಗ್ಗೆ ಹತ್ತಕ್ಕೆ ಡಾಂಬರು ಬಿಟ್ಟು ಎರೆದಾರಿಗೆ ಇಳಿದೆವು.

ಮೇಲೆ ಒಣಗಿತ್ತು. ಹಪ್ಪಳದ ಹಾಗೆ ಬಿರುಕು ಬಿಟ್ಟ ಕಪ್ಪು ಪದರ. ಎರಡು ದಿನದ ಹಿಂದೆ ಅಲ್ಲಿ ದೊಡ್ಡ ಮಳೆಯಾಗಿತ್ತು, ನಮಗೆ ಗೊತ್ತಿರಲಿಲ್ಲ. ಜೀಪು ಹೇಗೋ ತೇಲಿಕೊಂಡು ಹೋಯಿತು. ಡಬ್ಬಿಯ ಎರಡು ಚಕ್ರ ಹಪ್ಪಳ ಮುರಿದು ಒಳಗಿಳಿದವು. ನಾನು ಎಳೆದಷ್ಟೂ ಇಳಿದವು. ಅಚ್ಚಿನವರೆಗೆ ಹೂತು ಡಬ್ಬಿ ಒಂದು ಕಡೆ ವಾಲಿ ನಿಂತಿತು. ಕೊಂಡಿ ತಿರುಚಿಕೊಂಡಿತು. ಚೌಕಟ್ಟೂ ತಿರುಚಿತ್ತು ಎಂದು ಗೊತ್ತಾದದ್ದು ಅಕ್ಕ ಇಳಿದು ಬಂದು ಡಬ್ಬಿಯ ಬಾಗಿಲು ಎಳೆದಾಗ. ಬಾಗಿಲು ಬರಲಿಲ್ಲ. ನಾನು ಎಳೆದೆ, ಒದ್ದೆ. ಬರಲಿಲ್ಲ.

ಅಕ್ಕ ಸುತ್ತ ನೋಡಿದರು. ಒಂದೂ ಮರವಿಲ್ಲದ ಬಯಲು. ದೂರದಲ್ಲಿ ಜೋಳದ ಕಣಿಕೆಯ ಒಂದು ಬಣವೆ. ಸೀರೆ ಎತ್ತಿ ಹಿಡಿದು, ಒಂದೊಂದು ಹೆಜ್ಜೆಗೂ ಒಂದೊಂದು ಕಿಲೋ ಕೆಸರು ಹೊತ್ತುಕೊಂಡು, ಅದರ ಕಡೆ ನಡೆದರು. ನಾನು ಬೇರೆ ಕಡೆ ತಿರುಗಿ ನಿಂತೆ. ಅಲ್ಲಿಂದ ಮುಂದೆ, ಇನ್ನೂ ಎರಡು ಕಿಲೋಮೀಟರ್ ಆಚೆ, ನೀರಿನಂಚಿನಲ್ಲಿ ಬೂದು ಬಣ್ಣದ ಒಂದು ಗೀಟು ಕಾಣುತ್ತಿತ್ತು. ಕಟ್ಟೆ. ಅದರ ಮೇಲೆ ಕೊಕ್ಕರೆಗಳು ಕೂತಿದ್ದವು.

ಆಗ ಅವರು ಏನು ಮಾಡಿದರು? ಇದನ್ನು ನಾನು ಹಲವರಿಗೆ ಹಲವು ರೀತಿ ಹೇಳಿದ್ದೇನೆ. ತಲೆ ತಗ್ಗಿಸಿ ಕೂತರು ಎಂದಿದ್ದೇನೆ, ಕಣ್ಣು ಒರೆಸಿಕೊಂಡರು ಎಂದೂ ಒಮ್ಮೆ ಹೇಳಿದ್ದೇನೆ. ಕೇಳುವವರಿಗೆ ಅದು ಇಷ್ಟವಾಗುತ್ತದೆ. ಅದು ಸುಳ್ಳು. ಅವರು ಜೀಪಿನಿಂದ ಪುಸ್ತಕ ತಂದರು. ಹೆಂಡತಿ ಬಣವೆಯ ಹಿಂದೆ ಇದ್ದಾಗ, ಕೆಸರಿನಲ್ಲಿ ಮೊಣಕಾಲು ಮುಳುಗಿಸಿ ನಿಂತು, ಕನ್ನಡಕ ಹಾಕಿಕೊಂಡು, ಪುಟ ತೆಗೆದು ನನ್ನ ಮುಂದೆ ಹಿಡಿದರು.

“ಓದಿ.”

ಓದಿದೆ. ಮೊದಲನೇ ಸಾಕ್ಷಿ, ಬಂಕಿನವನು. ಎರಡನೇ ಸಾಕ್ಷಿ, ಪಂಕ್ಚರ್‌ನವನು. ಮೂರನೆಯ ಸಾಲಿನಲ್ಲಿ ಹೆಡ್‌ಮಾಸ್ತರ ಹೆಸರಿರಲಿಲ್ಲ. ನನ್ನ ಹೆಸರಿತ್ತು. ‘ಎದುರು ಮನೆಯವರು. ಇವರ ಒತ್ತಾಯದ ಮೇರೆಗೆ ಪ್ರಶ್ನೆಗಳನ್ನು ಕೈಬಿಟ್ಟು, ಬರಬಹುದೇ ಎಂದು ಮಾತ್ರ ವಿಚಾರಿಸಲಾಗಿದೆ. ಬರಬಹುದು.’ ಕೆಳಗೆ ದಿನಾಂಕ, ಗಂಟೆ.

“ನೀವೇ ಹೇಳಿದ್ದು” ಎಂದರು.

ಹೌದು. ಮೇಲೆ ಆ ಫೋನಿನ ವಿಷಯ ಬರೆಯುವಾಗ ನನ್ನ ಮಾತನ್ನು ನಾನು ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟೆನೋ, ನೆನಪೇ ಜಾರಿಸಿತೋ, ಹೇಳಲಾರೆ. ಹೆಡ್‌ಮಾಸ್ತರಿಗೆ ಫೋನು ಮಾಡುವ ಮುನ್ನ ಅವರು ಪ್ರಶ್ನೆಗಳ ಹಾಳೆ ತೆಗೆದಾಗ ನಾನು ಹೇಳಿದ್ದೆ: “ಸಾರ್, ಇವತ್ತಾದ್ರೂ ಗಂಡಸಾಗಿ. ಬರಬಹುದಾ ಬೇಡ್ವಾ, ಒಂದೇ ಮಾತು ಕೇಳಿ. ನಿಮ್ಮ ಹನ್ನೆರಡು ಪ್ರಶ್ನೆ ಮುಗಿಯೋ ಹೊತ್ತಿಗೆ ಕಟ್ಟೆ ಮತ್ತೆ ಮುಳುಗಿರುತ್ತೆ.” ಜೋರಾಗಿಯೇ ಹೇಳಿದ್ದೆ, ಅಕ್ಕನಿಗೆ ಕೇಳಲಿ ಎಂದು. ಕಿಟಕಿಯಲ್ಲಿ ಅಕ್ಕ ಇದ್ದರು. ಇವರು ಒಮ್ಮೆ ಕಿಟಕಿ ನೋಡಿ, ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.

ಇದರಿಂದ ನನ್ನ ತಿರಸ್ಕಾರ ಕಡಿಮೆಯಾಗಬೇಕು ಎಂದು ಓದುವವರು ಕಾಯುತ್ತಿರಬಹುದು. ಆಗುವುದಿಲ್ಲ. ನಾನು ದುಡುಕಿದವನು, ಸರಿ. ಆದರೆ ಅವರು ಏನು? ನನ್ನ ಮಾತು ಕೇಳಿದರೆ ಏನಾಗಬಹುದು ಎಂದು ಗೊತ್ತಿದ್ದ ಒಬ್ಬನೇ ಮನುಷ್ಯ ಅವರು. ಗೊತ್ತಿದ್ದೂ ಕೇಳಿದರು, ಕೇಳುವಾಗಲೇ ಮುಂದೆ ಜವಾಬ್ದಾರಿ ಯಾರ ಮೇಲೆ ಹಾಕಬೇಕೆಂದು ಬರೆದಿಟ್ಟುಕೊಂಡರು. ಹೊರಡುವ ಮುನ್ನವೇ ಅವರ ಕಡತ ಭದ್ರವಾಗಿತ್ತು. ಆಮೇಲೆ ಹೂತದ್ದು ಡಬ್ಬಿ ಮಾತ್ರ.

ಅಷ್ಟರಲ್ಲಿ ಮೋಟರ್‌ಬೈಕನ್ನು ಡಾಂಬರಿನ ಮೇಲೆ ಬಿಟ್ಟು, ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ಹೆಡ್‌ಮಾಸ್ತರು ನಡೆದು ಬಂದರು. ಹಿಂದೆ ಅವರ ಹೆಂಡತಿ, ತಲೆಯ ಮೇಲೆ ರೊಟ್ಟಿಯ ಬುಟ್ಟಿ. ಊಟಕ್ಕೆ ಕಾದು ಕಾದು ಹುಡುಕಿಕೊಂಡು ಬಂದಿದ್ದರು.

“ಅಯ್ಯ, ಇದನ್ನ್ಯಾಕ ಇಲ್ಲಿತನಾ ತಂದ್ರಿ ಸರ? ಮೊನ್ನಿ ಮಳಿಗೆ ಎಲ್ಲಾ ರಾಡಿ ಆಗೇತಿ. ನಮ್ಮ ಎತ್ತೂ ಇಳಸಂಗಿಲ್ಲ ನಾವು.”

“ನೀವು ಬರಬಹುದು ಅಂದ್ರಲ್ಲ” ಎಂದರು ಇವರು, ಪುಸ್ತಕ ಇನ್ನೂ ಕೈಯಲ್ಲೇ.

“ನೀವು ದಾರಿ ಎಲ್ಲಿ ಕೇಳಿದ್ರಿ? ಬರ್ಲ್ಯಾ ಅಂತ ಕೇಳಿದ್ರಿ. ಬ್ಯಾಡ ಅಂತ ಹೆಂಗ ಅನ್ಲಿ? ಬೆಂಗಳೂರಿಂದ ಬರೂ ಮಂದೀಗೆ?”

ಅಕ್ಕ ಬಣವೆಯಿಂದ ಬಂದಿದ್ದರು. ಹೆಡ್‌ಮಾಸ್ತರ ಹೆಂಡತಿ ಅವರ ಕೈಗೆ ನೀರು ಹಾಕಿದರು. ಅಕ್ಕ ಮುಖ ಒರೆಸಿಕೊಳ್ಳದೆ ಗಂಡನನ್ನು ನೋಡಿದರು, ನನ್ನನ್ನೂ ನೋಡಿದರು.

“ನನ್ನ ಕೇಳಿದ್ರ ಹೇಳ್ತಿದ್ದೆ. ನಮ್ಮ ಕಡೆ ಬರ್ಲ್ಯಾ ಅಂದೋರಿಗೆ ಬ್ಯಾಡ ಅನ್ನೂ ಪದ್ಧತಿ ಇಲ್ಲ. ಮನ್ಯಾಗ ಹೆಣ ಇದ್ರೂ ಬರ್ರಿ ಅಂತಾರ.” ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಇಬ್ಬರೂ ಕೇಳ್ಲಿಲ್ಲ.”

ಹಾಗೆ ನೋಡಿದರೆ ಆ ಮೂರು ಕಿಲೋಮೀಟರಿಗೆ ನಿಜವಾದ ಸಾಕ್ಷಿ ಒಬ್ಬರೇ ಇದ್ದರು. ಜೀಪಿನ ಹಿಂದಿನ ಸೀಟಿನಲ್ಲಿ ಹೂ ಮುಡಿದುಕೊಂಡು ಕೂತಿದ್ದರು. ಅವರನ್ನು ಇವರು ನಿಯಮದ ಪ್ರಕಾರ ಹೊರಗಿಟ್ಟರು. ನಾನು ಯಾವ ನಿಯಮವೂ ಇಲ್ಲದೆ ಹೊರಗಿಟ್ಟೆ.

ಟ್ರ್ಯಾಕ್ಟರ್ ಬಂದು ಡಬ್ಬಿಯನ್ನು ಎಳೆದು ಹಾಕುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮೋಡ ಕಟ್ಟಿತ್ತು. ಆ ಕೆಸರಿನಲ್ಲಿ ಎರಡು ಕಿಲೋಮೀಟರ್ ನಡೆಯಲು ಅಕ್ಕನಿಗೆ ಆಗುವಂತಿರಲಿಲ್ಲ. ಬದುವಿನ ಮೇಲೆ ನಿಂತು ಬೂದು ಗೀಟನ್ನು ನೋಡಿದರು. ಕೊಕ್ಕರೆಗಳು ಎದ್ದು ಮತ್ತೆ ಕೂತವು. ರೊಟ್ಟಿ ತಿಂದು ಹಿಂತಿರುಗಿದೆವು.

ಆಮೇಲೆ ಅವರು ಸುಮ್ಮನಿರಬಹುದಿತ್ತು. ಇರಲಿಲ್ಲ. ಹಾಲಿನ ಅಂಗಡಿಯಲ್ಲಿ ಹೇಳಿದರು, ಇಸ್ತ್ರಿಯವನಿಗೆ ಹೇಳಿದರು, ಕೊಂಡಿ, ಚೌಕಟ್ಟು ನೇರ ಮಾಡಿಕೊಡಲು ಬಂದ ಶಿವಾಜಿನಗರದ ಭಾಯ್‌ಗೆ ಹೇಳಿದರು. ಇಸ್ತ್ರಿಯವನು ನನ್ನ ಅಂಗಿಗಳನ್ನು ಮಡಚುತ್ತ, “ಏನ್ಸಾರ್, ಅಂಕಲ್‌ನ ಕೆಸರಲ್ಲಿ ಇಳಿಸ್ಬಿಟ್ರಂತೆ?” ಎಂದು ಕೇಳಿದ. ಯಾರಾದರೂ ನಂಬದಿದ್ದರೆ ಪುಸ್ತಕ ತೋರಿಸುತ್ತಿದ್ದರು, ಗಂಟೆ ಸಮೇತ. ಆ ರಸ್ತೆಯ ಪುಟಕ್ಕೆ ಕೆಂಪು ಶಾಯಿಯಲ್ಲಿ ‘ಅಯೋಗ್ಯ’ ಎಂದು ಬರೆದು ಸಹಿ ಹಾಕಿದರು. ಅದಾದ ಮುಂದಿನ ಬೇಸಿಗೆಯಲ್ಲಿ ಅಕ್ಕ ಒಮ್ಮೆ ಮಾತೆತ್ತಿದಾಗ, “ಆ ಕಡತ ಮುಗಿದಿದೆ” ಎಂದರಂತೆ. ನಾನು ಜೀಪಿದೆ ಎಂದು ಎದ್ದು ಹೇಳಬಹುದಿತ್ತು. ನನಗೂ ಮುಖವಿರಲಿಲ್ಲ. ಇಸ್ತ್ರಿಯವನ ಪ್ರಶ್ನೆಗೆ ಅಂಜಿ ನಾನು ಎರಡು ಬೇಸಿಗೆ ಎದುರು ಗೇಟಿಗೆ ಹೋಗಲಿಲ್ಲ. ಅವರು ಹೇಳುತ್ತಿದ್ದುದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ಹೇಳಿದ್ದರೆ ನಾನು ಅವರನ್ನು ಇಷ್ಟು ಹೊತ್ತಿಗೆ ಕ್ಷಮಿಸಿರುತ್ತಿದ್ದೆ.

ಹಲಸೂರಿನ ಒಂದು ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದೆ. ಮಾತು ಕಡಿಮೆಯಾಗಿತ್ತು. ಏನಾದರೂ ದೊಡ್ಡದನ್ನು ಹೇಳುತ್ತಾರೆ ಎಂದು ನನ್ನೊಳಗಿನ ಯಾವುದೋ ಮೂರ್ಖ ಕಾಯುತ್ತಿದ್ದ. “ಕೊಂಡಿಗೆ ಗ್ರೀಸ್ ಹಾಕಿದೀರಾ?” ಎಂದರು. ಹಾಕಿದ್ದೇನೆ ಎಂದೆ. ಹಾಕಿರಲಿಲ್ಲ.

ಈ ವರ್ಷ ಮಳೆ ತಡವೆಂದು ಹೇಳುತ್ತಿದ್ದಾರೆ, ನೀರು ಮತ್ತೆ ಇಳಿದಿದೆ. ಇವತ್ತು ಬೆಳಗ್ಗೆ ಅಕ್ಕ ನನ್ನನ್ನು ಕರೆದರು. ಗೇಟಿನ ಬಳಿ ಅಲ್ಲ, ಒಳಗೆ, ಅಡುಗೆಮನೆಗೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಹೆಡ್‌ಮಾಸ್ತರ ಜೊತೆ ಮಾತಾಡಿದರು. ಒಂದು ಕೈಯಲ್ಲಿ ಸೌಟು. ಮೊದಲು ಅವರ ಹೆಂಡತಿಯ ಮೊಣಕಾಲು ವಿಚಾರಿಸಿದರು, ಎಮ್ಮೆ ಕರು ಹಾಕಿತೇ ಎಂದರು. ಬರಲೇ ಎಂದು ಕೇಳಲಿಲ್ಲ.

“ಮತ್ತ ನೀವು ಆ ಕಟ್ಟಿ ಕಡೆ ಈಗೀಗ ಹೋಗಿದ್ರೇನ್ರಿ?”

ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಅಕ್ಕ ಹೂಂಗುಟ್ಟಿದರು. ಫೋನಿನ ಬಾಯಿಗೆ ಕೈ ಮುಚ್ಚಿ ನನಗೆ ಹೇಳಿದರು: “ನಿನ್ನೆ ಎತ್ತಿನ ಗಾಡೀಲಿ ಹೋಗಿ ಬಂದಾರಂತ. ಗಾಲಿಗೆ ಧೂಳು ಬಿಟ್ರ ಏನೂ ಹತ್ತಿಲ್ಲಂತ.”

ಮೂರು ಸಾಕ್ಷಿಯಲ್ಲ, ಹನ್ನೆರಡು ಪ್ರಶ್ನೆಯಲ್ಲ. ಒಂದೇ ಒಂದು ಎತ್ತಿನ ಗಾಡಿಯ ಗಾಲಿ. ಸಾಕು, ಹೊರಡೋಣ ಎಂದು ನಾನು ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ.

“ಅಕ್ಕಾ, ಅವತ್ತು ಹೂತ ಜಾಗದಿಂದ ಮುಂದೆ ಒಂದು ಸಣ್ಣ ಸೇತುವೆ ಕಾಣ್ತಿತ್ತಲ್ಲ. ಅದರ ಅಗಲ ಎಷ್ಟು ಅಂತ ಕೇಳಿ.”

ಅಕ್ಕ ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ಎಷ್ಟೋ ವರ್ಷ ನಾನೇ ಅದನ್ನು ಆ ಗೇಟಿನ ಕಡೆ ಎಸೆದಿದ್ದೇನೆ.

“ನೀನೂ ಅವರಂಗ ಆದಿ ನೋಡು ತಮ್ಮಾ” ಎಂದರು. ಆಮೇಲೆ, ಸೌಟು ಕೆಳಗಿಟ್ಟು, ಕೇಳಿದರು.

ಎಂಟು ಅಡಿ. ಡಬ್ಬಿಯ ಅಗಲ ಏಳು. ನಾಳೆ ಬೆಳಗ್ಗೆ ಹೊರಡುತ್ತಿದ್ದೇವೆ.